ಸೆಲೆ ಬತ್ತಿದ ಸುದ್ದಿಮನೆ

ಹೆಂಡತಿ: ಆ ಆನ್‌ಲೈನ್ ಸುದ್ದಿಯವರ ಹತ್ರ ಹೋಗಿ ಬಂದ್ರೆ ನಿಮ್ಮ ಕಾಲೇನೂ ಸವೆಯಲ್ಲ.

ಗಂಡ: ಕಾಲಲ್ಲ ಕಣೆ, ಮಾನ ಸವೆಯುತ್ತೆ. 'ಕನ್ನಡಿ ಮುಂದೆ ಈ ನಟಿ ಮಾಡಿದ್ದೇನು ಗೊತ್ತಾ?' ಅಂತ ಬರೆಯೋ ಜನ ಅವರು. ಒತ್ತಿ ನೋಡಿದ್ರೆ, ತಲೆ ಬಾಚ್ಕೊಂಡಿದ್ಲು ಅಷ್ಟೇ.

ಹೆಂಡತಿ: ಅಂದ್ರೆ ನೀವೂ ಒತ್ತಿ ನೋಡಿದ್ರಿ.

ಗಂಡ ಅಂಗಿಯ ಗುಂಡಿ ಹಾಕಿಕೊಂಡ. ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿಯೇ ತಲೆ ನರೆಸಿಕೊಂಡವನು ಅವನು. ಕಳೆದ ತಿಂಗಳು ಆ ಪತ್ರಿಕೆ ಕಣ್ಣು ಮುಚ್ಚಿತ್ತು. ಅಂದಿನಿಂದ ಮನೆಯಲ್ಲಿ ಕೂತು ಔಷಧಿ ಡಬ್ಬಿಗಳ ಮೇಲಿನ ಕಾಗುಣಿತ ತಿದ್ದುತ್ತಿದ್ದ. ಆ ಆನ್‌ಲೈನ್ ಸುದ್ದಿ ಕಂಪನಿ ಈಗ ಅವನನ್ನು ಕೆಲಸದ ಮಾತಿಗೆ ಕರೆದಿತ್ತು. ನಿಮ್ಮದು ಪತ್ರಿಕೋದ್ಯಮವೇ ಅಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿಬರುತ್ತೇನೆಂದು ಹೊರಟ.

ಅಲ್ಲಿ ಗಾಜಿನ ಕೋಣೆಯಲ್ಲಿ ಸಾಲು ಸಾಲು ಕಂಪ್ಯೂಟರುಗಳಿದ್ದವು. ಯಾರ ಕೈಯಲ್ಲೂ ಪೆನ್ನಿರಲಿಲ್ಲ. ಮುಖ್ಯಸ್ಥೆ ಅವನ ಮಗಳ ವಯಸ್ಸಿನವಳು. ಎದ್ದು ನಿಂತು ಕುರ್ಚಿ ತೋರಿಸಿದಳು. ಮುಚ್ಚಿದ ಪತ್ರಿಕೆಯವರನ್ನೆಲ್ಲ ಸೇರಿಸಿಕೊಳ್ಳುವ ಯೋಚನೆಯಿದೆ ಎಂದಳು. ಅಂತೂ ಅನುಭವಕ್ಕೆ ಬೆಲೆ ಬಂತೆಂದು ಅವನ ಎದೆ ತುಸು ಉಬ್ಬಿತು. ಈಗ ನಿಮ್ಮಲ್ಲಿ ವರದಿಗಾರರು ಎಷ್ಟು ಜನ ಎಂದು ವಿಚಾರಿಸಿದ.

ಮುಖ್ಯಸ್ಥೆ: ಯಾರೂ ಇಲ್ಲ ಸರ್.

ಗಂಡ: ಮತ್ತೆ ಸುದ್ದಿ ಯಾರು ತರ್ತಾರೆ?

ಮುಖ್ಯಸ್ಥೆ: ಯಾರೂ ತರ್ತಿರ್ಲಿಲ್ಲ, ತಾನೇ ಬರ್ತಿತ್ತು. ಬೆಳಗ್ಗೆ ಬಾಗಿಲ ಹತ್ತಿರ ಬಿದ್ದಿರ್ತಿತ್ತು.

ಗಂಡ: ಬಾಗಿಲ ಹತ್ತಿರ?

ಮುಖ್ಯಸ್ಥೆ: ನಿಮ್ಮ ಪೇಪರ್ ಸರ್. ಅದು ನಿಂತಾಗಿಂದ ನಮ್ಮ ಹುಡುಗರು ಕೈಕಟ್ಟಿ ಕೂತಿದ್ದಾರೆ.

ಅವನಿಗೆ ಒಂದು ಹಳೆಯ ಅವಮಾನ ನೆನಪಾಯಿತು. 'ಸೇತುವೆ ಉದ್ಘಾಟಿಸಿದ ಮಂತ್ರಿ' ಎಂಬುದು ಅವನ ಪತ್ರಿಕೆಯಲ್ಲಿ 'ಮಂತ್ರಿಯನ್ನು ಉದ್ಘಾಟಿಸಿದ ಸೇತುವೆ' ಎಂದು ಅಚ್ಚಾಗಿತ್ತು. ಅದನ್ನೂ ಎತ್ತಿದಿರಾ ಎಂದು ಅಳುಕುತ್ತಲೇ ಕೇಳಿದ.

ಮುಖ್ಯಸ್ಥೆ: ಇದ್ದ ಹಾಗೇ ಎತ್ತಿದ್ವಿ. ಇವತ್ತಿಗೂ ನಮ್ಮಲ್ಲಿ ಅತಿ ಹೆಚ್ಚು ಜನ ಓದಿರೋದು ಅದನ್ನೇ. ಅಂಥ ತಲೆಬರಹ ನಮ್ಮ ಹುಡುಗರಿಗೆ ಹೊಳೆಯೋದೇ ಇಲ್ಲ ಸರ್.

ಗಂಡ: ಚೆನ್ನಾಯ್ತಮ್ಮ. ಮರ ಒಣಗಿದ ಮೇಲೆ ಬಂದಣಿಕೆ ಬಂದು ಬೇರು ಬಾಡಿಗೆಗೆ ಸಿಗುತ್ತಾ ಅಂತ ಕೇಳ್ತಿದೆ.

ಬಂದಣಿಕೆ ಅಂದರೇನೆಂದು ಅವಳಿಗೆ ತಿಳಿಯಲಿಲ್ಲ. ಇನ್ನೊಂದು ಮರದ ಮೇಲೆ ಕೂತು ಅದರ ರಸ ಹೀರಿ ಬದುಕುವ ಗಿಡ ಎಂದು ಅವನು ಬಿಡಿಸಿ ಹೇಳಿದ. ಅವಳಿಗೆ ಬೇಸರವೇನೂ ಆಗಲಿಲ್ಲ. ನಮಗೆ ಬೇಕಾಗಿರೋದು ಇಂಥ ಪದಗಳೇ ಎಂದು ಫೋನಿನಲ್ಲಿ ಬರೆದುಕೊಂಡು, ಸೋಮವಾರದಿಂದ ಬನ್ನಿ ಎಂದಳು.

ಮನೆಗೆ ಬಂದವನೇ ಚಪ್ಪಲಿ ಬಿಡುತ್ತ ನಡೆದದ್ದೆಲ್ಲ ಹೇಳಿದ. ಹೆಂಡತಿ ಬಾಗಿಲಿಗೆ ಒರಗಿ ನಿಂತು ಕೇಳಿದಳು.

ಹೆಂಡತಿ: ಸಂಬಳ ಸರಿಯಾಗಿ ಕೊಡ್ತಾರಂತಾ?

ಗಂಡ: ತಿಂಗಳು ತಿಂಗಳು ಕೊಡ್ತಾರಂತೆ. ಆದ್ರೂ ಕಳ್ಳರ ಕೈಕೆಳಗೆ ನಾನು ಹೇಗೆ ಕೆಲಸ ಮಾಡ್ಲಿ?

ಹೆಂಡತಿ: ಇವರು ಕದ್ದದ್ದು ಬರೀ ಸುದ್ದಿ. ನಿಮ್ಮ ಮಾಲೀಕರು ಎಲ್ಲರ ಸಂಬಳ ನುಂಗಿ ಬಾಗಿಲು ಹಾಕ್ಕೊಂಡು ಹೋದ್ರು. ಕಳ್ಳರ ಕೈಕೆಳಗೆ ಕೆಲಸ ಮಾಡೋದು ನಿಮಗೇನು ಹೊಸದಾ?