ಇಂಕಾ ತೋಟಕ್ಕೆ ಭಾವನ ಚೊಂಬು

ನೀರು ತಗ್ಗಿಗೆ ಹರಿಯುತ್ತದೆ, ಮನುಷ್ಯನಾದವನು ಎತ್ತರಕ್ಕೆ ಏರಬೇಕು ಎಂದು ಹಿರಿಯರು ಹೇಳುತ್ತಾರೆ. ಆ ಹಿರಿಯರು ನಮ್ಮ ಭಾವನನ್ನು ನೋಡಿರಲಿಲ್ಲ. ನೀರು ಎತ್ತ ಹೋದರೆ ಇವರೂ ಅತ್ತಲೇ, ಕೊಡೆ ಹಿಡಿದು.

ಅವರು ಮನೆ ಮಾಡಿರುವ ಈ ಪರದೇಶದ ಮಿಲ್ ಕ್ರೀಕ್‌ನಲ್ಲಿ ಮಳೆ ಬಂದರೆ ಜನ ಒಳಗೆ ಬರುತ್ತಾರೆ. ಭಾವ ಹೊರಗೆ ಹೋಗುತ್ತಾರೆ. ಸೂರಿನ ಕೊಳವೆಯಿಂದ ಬಿದ್ದ ನೀರು ಹಿತ್ತಲಿನ ಇಳಿಜಾರಿನಲ್ಲಿ ಎಲ್ಲಿ ತಿರುಗಿತು, ಎಲ್ಲಿ ನಿಂತಿತು ಎಂದು ನೋಡಿ ಬರುವವರೆಗೆ ಅವರಿಗೆ ಕಾಫಿ ಗಂಟಲಲ್ಲಿ ಇಳಿಯದು. ಗೃಹಪ್ರವೇಶಕ್ಕೆ ಬಂದವರಿಗೆ ಮೊದಲು ತೋರಿಸಿದ್ದು ಆ ಕೊಳವೆಯನ್ನು. ದೇವರ ಮನೆ ಆಮೇಲೆ. ಪುರೋಹಿತರಿಗೂ ವಿನಾಯಿತಿ ಇರಲಿಲ್ಲ.

ಆ ಇಳಿಜಾರು ನನ್ನ ಅಕ್ಕನ ರಾಜ್ಯ. ಮೆಂತ್ಯ, ದಂಟು, ಬದನೆ ಎಲ್ಲ ಅವಳ ಪ್ರಜೆಗಳು. ಹೋದ ವರ್ಷ ಅವಳ ಎರಡೂ ಮಂಡಿಗಳು ಮುಷ್ಕರ ಹೂಡಿದವು. ಬಗ್ಗಬಾರದು, ಮಂಡಿಯೂರಬಾರದು, ಇಳಿಜಾರಂತೂ ಬೇಡವೇ ಬೇಡ ಎಂದರು ಡಾಕ್ಟರು. ಒಂದು ಭಾನುವಾರ ಊಟಕ್ಕೆ ಹೋದಾಗ ಅಕ್ಕ ತನ್ನ ಕೈಗುದ್ದಲಿಯನ್ನೂ ಬೀಜದ ಡಬ್ಬಿಯನ್ನೂ ತಂದು ನನ್ನ ಎದುರಿಗಿಟ್ಟಳು.

"ನೀನೇ ತಗೊಂಡ್ಹೋಗೋ. ಹಿತ್ತಲಿಗೆ ಹುಲ್ಲು ಹಾಕಿಸಿಬಿಡ್ತೀವಿ. ನನ್ನ ತೋಟ ಮುಗೀತು."

ಭಾವ ಏನಾದರೂ ಸಮಾಧಾನ ಹೇಳುತ್ತಾರೆಂದು ಕಾದೆ. ಅವರು "ಹೂಂ" ಎಂದು ಮಜ್ಜಿಗೆ ಬಡಿಸಿಕೊಂಡರು. ಮನುಷ್ಯನ ಎದೆಯಲ್ಲಿ ಇಷ್ಟು ದೊಡ್ಡ ಕಲ್ಲು ಇರಬಹುದೆಂದು ನನಗೆ ತಿಳಿದಿರಲಿಲ್ಲ.

ಎರಡು ವಾರದ ಮೇಲೆ ಅವರ ಫೋನು ಬಂತು. "ಪೆರುಗೆ ಟಿಕೆಟ್ ಬುಕ್ ಮಾಡಿದೀನಿ. ನಿಮ್ಮಕ್ಕ ಬರ್ತಾಳೆ, ನೀನೂ ಬಾ. ಇಂಕಾದವರು ಬೆಟ್ಟಕ್ಕೆ ಮೆಟ್ಟಿಲು ಕಟ್ಟಿ ತೋಟ ಮಾಡಿದಾರಂತೆ. ನೀರಿನ ಏರ್ಪಾಡು ನೋಡ್ಬೇಕು."

ಮಂಡಿ ಸೋತವಳನ್ನು ಬೆಟ್ಟಕ್ಕೆ! ಫ್ರೀಮಾಂಟಿನ ನನ್ನ ಆಫೀಸಿನಲ್ಲಿ, ಮೀಟಿಂಗಿನ ನಡುವೆ, ನಾನು ಎದ್ದು ನಿಂತುಬಿಟ್ಟೆ. ಏನೋ ಘನವಾದದ್ದು ಹೇಳುತ್ತೇನೆಂದು ಎಲ್ಲರೂ ಕಾದರು.

"ಭಾವ, ಅಕ್ಕನ ಕಾಲು?"

"ಕಾರು ಮೇಲಿನ ತನಕ ಹೋಗತ್ತೆ. ವಿಚಾರಿಸಿದೀನಿ."

ಕಾರು ಹೋಯಿತು, ನಿಜ. ನಮ್ಮ ಉಸಿರು ಮಾತ್ರ ಕೆಳಗೇ ಉಳಿಯಿತು. ಕುಸ್ಕೋ ಪಟ್ಟಣದಾಚೆಯ ಟಿಪೋನ್ ಎಂಬಲ್ಲಿ ಹಸಿರು ಜಗಲಿಗಳು ಒಂದರ ಕೆಳಗೊಂದು ಇಳಿಯುತ್ತವೆ. ಬೆಟ್ಟದ ಹೊಟ್ಟೆಯಿಂದ ಬಂದ ನೀರು ಕಲ್ಲಿನ ಕಾಲುವೆಯಲ್ಲಿ ಎರಡಾಗಿ, ನಾಲ್ಕಾಗಿ ಧುಮುಕುತ್ತದೆ. ನಾಲ್ಕೂ ಧಾರೆ ಸಮ ಎಂದ ನಮ್ಮ ಗೈಡು. ಆ ಮಾತು ಆಡಬಾರದಿತ್ತು. ಭಾವ ಬ್ಯಾಗಿನಿಂದ ಸ್ಟೀಲ್ ಚೊಂಬು ತೆಗೆದರು.

ಒಂದೊಂದು ಧಾರೆಗೂ ಚೊಂಬು ಹಿಡಿದು, ತುಂಬುವವರೆಗೆ ಗಡಿಯಾರ ನೋಡಿ, ಮತ್ತೆ ಅಲ್ಲಿಗೇ ಚೆಲ್ಲುವುದು. ಕಣ್ಣು ಅರ್ಧ ಮುಚ್ಚಿ, ತುಟಿಯಲ್ಲೇ ಎಣಿಸುತ್ತಿದ್ದ ಅವರನ್ನು ನೋಡಿದವರಿಗೆ ಇದೇನೋ ಪೂಜೆಯೆಂದು ತೋಚಿತು. ಬಿಳಿಕೂದಲಿನ ವಿದೇಶಿ ಮಹಿಳೆಯೊಬ್ಬರು ಭಕ್ತಿಯಿಂದ ಕೈಯೊಡ್ಡಿದರು. ಜನ್ಮದ ಅಭ್ಯಾಸ, ಭಾವ ತೀರ್ಥ ಹಾಕಿಯೇಬಿಟ್ಟರು. ಆಕೆ ಉಳಿದದ್ದನ್ನು ತಲೆಗೂ ಸವರಿಕೊಂಡರು. ಹಿಂದೆ ಆರು ಜನರ ಸಾಲು. ನಾನು ನಿಂತಲ್ಲೇ ಕಲ್ಲಾದೆ. ಕಾವಲಿನವನ ಸೀಟಿ ಕೇಳಿದ ಮೇಲೆ ಪೂಜೆ ಮುಗಿಯಿತು.

"ಸಮವಾಗಿಯೇ ಇದೆ," ಎಂದರು ಭಾವ, ಇಂಕಾ ಸಾಮ್ರಾಜ್ಯವನ್ನು ಪಾಸು ಮಾಡುತ್ತಾ.

ಆದರೆ ಗೋಡೆಗಳು ಪಾಸಾಗಲಿಲ್ಲ. ಪ್ರತಿ ಜಗಲಿಯ ಗೋಡೆಗೂ ಅಕ್ಕನನ್ನು ಆನಿಸಿ ನಿಲ್ಲಿಸುವುದು. ಅವಳು ಫೋಟೋ ಇರಬೇಕೆಂದು ಸೆರಗು ಸರಿಮಾಡಿಕೊಂಡರೆ, ಇವರು ಅಳತೆಯ ಟೇಪು ತೆಗೆದು ಅವಳ ಮೊಣಕೈಗೆ ಹಿಡಿಯುವುದು.

"ಏನ್ರೀ ಇದು, ಇಲ್ಲಿ ಕೂತು ಬ್ಲೌಸ್ ಹೊಲಿಸ್ತೀರಾ?"

"ಅಲ್ಲಾಡಬೇಡ." ಆಮೇಲೆ ಗೈಡಿನ ಕಡೆ ತಿರುಗಿ ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟರು: ನೀರು ಸರಿ, ಗೋಡೆ ತಪ್ಪು. ಎತ್ತರ ಜಾಸ್ತಿಯಾಯಿತು.

ಶತಮಾನಗಳಿಂದ ಅಲುಗದೆ ನಿಂತ ಗೋಡೆ. ಗೈಡು ತನ್ನ ಟೋಪಿ ತೆಗೆದು, ಒಳಗೇನಾದರೂ ಉತ್ತರವಿದೆಯೇ ಎಂಬಂತೆ ನೋಡಿ, ಮತ್ತೆ ಹಾಕಿಕೊಂಡ. ವಾಪಸು ಬರುವಾಗ ಅಕ್ಕ ಕಾರಿನಲ್ಲಿ ಮೆಲ್ಲಗೆ, "ಇಷ್ಟು ತೋಟ ತೋರಿಸಿ ಹೊಟ್ಟೆ ಉರಿಸೋಕೆ ಕರ್ಕೊಂಡು ಬಂದ್ರೇನೋ ಇವರು," ಎಂದಳು. ಭಾವನ ಮೇಲೆ ನನಗಿದ್ದ ಸಿಟ್ಟು ಇನ್ನೊಂದು ಮೆಟ್ಟಿಲು ಏರಿತು.

ಊರಿಗೆ ಬಂದ ಮೇಲೆ ಒಂದು ತಿಂಗಳು ನಾನು ಅತ್ತ ಸುಳಿಯಲಿಲ್ಲ. ಕೊನೆಗೆ ಅಕ್ಕನೇ ಕರೆದಳು. ಹೋಗಿ ನೋಡಿದರೆ ಹಿತ್ತಲಿನ ಇಳಿಜಾರೇ ಇಲ್ಲ! ಅದರ ಜಾಗದಲ್ಲಿ ಮೂರು ಕಲ್ಲಿನ ಜಗಲಿಗಳು, ಅವುಗಳ ನಡುವೆ ಅಕ್ಕ ಓಡಾಡಲು ಸಪಾಟಾದ ದಾರಿ. ಸೂರಿನ ಕೊಳವೆಯ ನೀರು ತೊಟ್ಟಿಯೊಂದಕ್ಕೆ ಬಿದ್ದು, ಅಲ್ಲಿಂದ ಮೂರು ಪಾಲಾಗಿ ಒಂದೊಂದು ಜಗಲಿಗೆ ಹೋಗುತ್ತದೆ. ಗೋಡೆಗಳು ಮೂರೂ ಒಂದೇ ಎತ್ತರ, ಅಕ್ಕನ ಮೊಣಕೈ ಮಟ್ಟಕ್ಕೆ.

ಅಕ್ಕ ಗೋಡೆಯ ಪಕ್ಕ ನೆಟ್ಟಗೆ ನಿಂತು, ಬಗ್ಗದೆ, ಸುಮ್ಮನೆ ಕೈ ಚಾಚಿದಳು. ಮಣ್ಣು ಕೈಗೆ ಸಿಕ್ಕಿತು. ಅವಳು ಅದನ್ನು ಬೆರಳುಗಳಲ್ಲಿ ಪುಡಿಮಾಡಿ ಮೂಸಿದಳು. ಭಾವ ಅತ್ತ ನೋಡಲಿಲ್ಲ. ಚೊಂಬು ಹಿಡಿದು ಮೂರನೆಯ ಧಾರೆಗೆ ಸೆಕೆಂಡು ಎಣಿಸುತ್ತಿದ್ದರು. ಎಣಿಕೆ ಎರಡು ಸಲ ತಪ್ಪಿತು.

ನಾನು ಮನೆಗೆ ಹೋಗಿ ಕೈಗುದ್ದಲಿ, ಬೀಜದ ಡಬ್ಬಿ ತಂದು ಕೊಟ್ಟೆ. ಈ ಬೇಸಿಗೆಯಲ್ಲಿ ಹನ್ನೊಂದು ಕಟ್ಟು ಮೆಂತ್ಯ ಸೊಪ್ಪು ಬಂತು.