ಒಳಗೆ ಬಿಟ್ಟ ಬಟ್ಟೆ

ಆ ದಿನದ ರಗಳೆಗೆಲ್ಲ ಮೂಲ ಒಂದು ಕಂದು ಬಣ್ಣದ ಪ್ಯಾಂಟು. ಬೆಳಗ್ಗೆ ಟೈಲರ್ ಅದನ್ನು ಏರಿಸಿ, ಗುಂಡಿ ಹಾಕಿ, ಕೈ ಬಿಟ್ಟ. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಮೆಲ್ಲಗೆ ಕೆಳಗೆ ಜಾರಿತು. ಮತ್ತೆ ಏರಿಸಿದ. ಮತ್ತೆ ಜಾರಿತು. ಬೇರೆ ಯಾರೇ ಆಗಿದ್ದರೂ ಹೊಲಿದವನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಇಲ್ಲಿ ಹೊಲಿದವನೂ ತಾನೇ, ತೊಟ್ಟವನೂ ತಾನೇ. ಅವನಿಗೆ ಕುಣಿಯುವಷ್ಟು ಖುಷಿಯಾಯಿತು.

"ಏನೇ, ಬಾ ಇಲ್ಲಿ! ಓಡಿ ಬಾ!"

ಹೆಂಡತಿ ಕೈಯಲ್ಲಿ ಸೌಟು ಹಿಡಿದೇ ಬಂದಳು. "ಏನ್ರೀ ಅದು? ಜಿರಲೆ ಬಂತಾ?"

"ನೋಡು." ಟೈಲರ್ ಎರಡೂ ಕೈ ಮೇಲೆತ್ತಿ ನಿಂತ. ಪ್ಯಾಂಟು ಅವನ ಮರ್ಯಾದೆ ಉಳಿಸಲಿಲ್ಲ.

ಅವಳು ಪ್ಯಾಂಟನ್ನು ನೋಡಿದಳು, ಅವನ ಮುಖ ನೋಡಿದಳು, ಆಮೇಲೆ ಯಾಕೋ ಸೌಟನ್ನೇ ನೋಡುತ್ತಾ, "ಅಬ್ಬಾ, ಸಣ್ಣ ಆಗ್ಬಿಟ್ರಲ್ಲ!" ಅಂದಳು.

"ಹಾಗಾದ್ರೆ ಆ ಮಾತು?"

"ಕೊಟ್ಟ ಮಾತು ತಪ್ಪೋಕಾಗುತ್ತಾ? ಸಾಯಂಕಾಲ ಅಂಗಡಿ ಹತ್ರ ಬರ್ತೀನಿ."

ಮಾತು ಏನೆಂದರೆ, ಕ್ಯಾರಿಯರ್ ಮೇಲೆ ಕೂರುವುದು. ಮದುವೆಯಾದ ಹೊಸದರಲ್ಲಿ ಟೈಲರ್ ಪ್ರತಿ ಭಾನುವಾರ ಸಂಜೆ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕಾಲುವೆ ಸೇತುವೆಗೆ ಹೋಗುತ್ತಿದ್ದ. ಅವಳ ಒಂದು ಕೈಯಲ್ಲಿ ಹೂವಿನ ಚಿತ್ರದ ಕೊಡೆ. ಇನ್ನೊಂದು ಕೈ ಅವನ ಸೊಂಟವನ್ನು ಪೂರ್ತಿ ಬಳಸಿ ಬಂದು, ಅಂಗಿಯ ಕೊನೆಯ ಗುಂಡಿಯನ್ನು ಹಿಡಿದುಕೊಳ್ಳುತ್ತಿತ್ತು. ಹಿಡಿದೂ ಹಿಡಿದೂ ಆ ಗುಂಡಿ ಕಿತ್ತು ಬರುತ್ತಿತ್ತೆಂದು ಟೈಲರ್ ಅದೊಂದಕ್ಕೆ ಎರಡೆಳೆ ದಾರ ಹಾಕುತ್ತಿದ್ದ. ಆಮೇಲೆ ಅಂಗಡಿ ದೊಡ್ಡದಾಯಿತು, ಹೊಟ್ಟೆಯೂ ಆಯಿತು, ಸೈಕಲ್ಲು ಗುಜರಿಗೆ ಹೋಯಿತು. ಎರಡೆಳೆ ದಾರ ಮಾತ್ರ ಹಾಗೇ ಉಳಿಯಿತು. ಇವತ್ತಿಗೂ ತನ್ನ ಅಂಗಿ ಹೊಲಿದಾಗಲೆಲ್ಲ ಆ ಗುಂಡಿಗೆ ಬಂದಾಗ ಅವನ ಕೈ ಸ್ವಲ್ಪ ನಿಧಾನವಾಗುತ್ತದೆ.

ಕಳೆದ ಚಳಿಗಾಲದಲ್ಲಿ ಡಾಕ್ಟರು "ತೂಕ ಇಳಿಸಿ, ಸೈಕಲ್ ತುಳೀರಿ" ಅಂದಾಗ ಟೈಲರ್‌ಗೆ ಮೊದಲು ನೆನಪಾದದ್ದು ಚಕ್ರವಲ್ಲ, ಕ್ಯಾರಿಯರ್. ಅಂದೇ ಸಂಜೆ ಹಳೇ ಸೈಕಲ್ಲೊಂದನ್ನು ತಂದು ಬಾಗಿಲ ಮುಂದೆ ನಿಲ್ಲಿಸಿ ಬೆಲ್ ಹೊಡೆದ. "ಬಾ, ಕೂತ್ಕೋ" ಅಂದ.

ಅವಳು ಹೊಸ್ತಿಲು ದಾಟಲಿಲ್ಲ. "ನೀವೊಬ್ರು ಕೂತ್ರೇನೇ ಆ ಸೀಟು ಅಳುತ್ತೆ. ಮೊದಲು ಸಣ್ಣ ಆಗಿ. ಪ್ಯಾಂಟು ಜಾರಿ ಬೀಳೋ ದಿನ ನಾನಾಗೇ ಬಂದು ಕೂರ್ತೀನಿ" ಅಂದು ಒಳಗೆ ಹೋದಳು.

ಅಂದಿನಿಂದ ಟೈಲರ್ ದಿನಾ ಬೆಳಗ್ಗೆ ಸೈಕಲ್ ತುಳಿದ. ಗಿರಣಿ ರಸ್ತೆಯ ದಿಬ್ಬ ಹತ್ತುವುದು, ಇಳಿಯುವುದು. ದಿಬ್ಬದ ತುದಿಯಲ್ಲಿ ಒಂದು ಬೇಕರಿಯಿತ್ತು. ಅದು ಅವನ ತಪ್ಪಲ್ಲ. ಹತ್ತಿದ ಸುಸ್ತಿಗೆ ಒಂದು ಬೆಣ್ಣೆ ಬನ್ನು, ಇಳಿಯುವ ಧೈರ್ಯಕ್ಕೆ ಇನ್ನೊಂದು. ಆದರೂ ಪ್ಯಾಂಟುಗಳು ವಾರದಿಂದ ವಾರಕ್ಕೆ ಸಡಿಲವಾಗುತ್ತಾ ಬಂದವು. ಅಂಗಿಗಳು ಮಾತ್ರ ಬಿಗಿಯಾಗುತ್ತಿದ್ದವು. ಅದು ಸೋಪಿನ ದೋಷವೆಂದೂ ಬಟ್ಟೆ ಕುಗ್ಗುತ್ತಿದೆಯೆಂದೂ ಅವನು ತೀರ್ಮಾನಿಸಿದ್ದ. ಮನೆಯ ಕನ್ನಡಿ ಎದೆಯವರೆಗೆ ಮಾತ್ರ ತೋರಿಸುತ್ತಿದ್ದುದರಿಂದ ಆ ತೀರ್ಮಾನವನ್ನು ಯಾರೂ ಪ್ರಶ್ನಿಸಲಿಲ್ಲ.

ಈ ಸುದ್ದಿಯನ್ನು ಯಾರಿಗೂ ಹೇಳಬಾರದೆಂದುಕೊಂಡೇ ಟೈಲರ್ ಅಂಗಡಿ ತೆರೆದ. ಪಕ್ಕದ ಸಲೂನಿನವನಿಗೆ ಮಾತ್ರ ಹೇಳಿದ. ಸಲೂನಿನವನ ಕುರ್ಚಿಯಲ್ಲಿ ಆಗ ಮುಖಕ್ಕೆಲ್ಲ ನೊರೆ ಬಳಿಸಿಕೊಂಡು ಕೂತಿದ್ದವರು ಶಾಲೆಯಿಂದ ನಿವೃತ್ತರಾದ ಡ್ರಿಲ್ ಮೇಷ್ಟ್ರು.

"ಬೆಲ್ಟ್ ಯಾಕ್ರೀ ಹಾಕಿಲ್ಲ?" ಮೇಷ್ಟ್ರು ನೊರೆಯೊಳಗಿಂದಲೇ ಗದರಿದರು.

"ಬೆಲ್ಟ್ ಹಾಕಿದ್ರೆ ಸಡಿಲ ಆಗಿದ್ದು ಯಾರಿಗೆ ಕಾಣ್ಬೇಕು ಮೇಷ್ಟ್ರೇ?"

"ಅದೂ ಸರಿ. ಆದ್ರೆ ಹಿಂದೆ ಭಾರ ಇಟ್ಕೊಂಡು ಎಷ್ಟು ವರ್ಷ ಆಯ್ತು ನೀವು ತುಳಿದು? ಸಂಜೆ ಆ ತಾಯಿನ ಕೆಡವಿದ್ರೆ? ಅಭ್ಯಾಸ ಬೇಕು, ಅಭ್ಯಾಸ!"

"ನಾನು ಕೂರ್ತೀನಿ ಬಿಡಿ ಟೈಲರಣ್ಣ. ಅತ್ತಿಗೆಗೋಸ್ಕರ ಅಷ್ಟೂ ಮಾಡದಿದ್ರೆ ಹೇಗೆ?" ಅಂದ ಸಲೂನಿನವ, ಕ್ಷೌರದ ಕತ್ತಿ ಕೆಳಗಿಟ್ಟು.

ಮೇಷ್ಟ್ರು ಅರ್ಧ ಗಡ್ಡದಲ್ಲೇ ಬೀದಿಗಿಳಿದು ಸೀಟಿ ಊದಿದರು. ಟೈಲರ್ ತುಳಿದ. ಹಿಂದೆ ಸಲೂನಿನವ ಅವನ ಹೊಟ್ಟೆಯನ್ನು ಗಟ್ಟಿಯಾಗಿ ಅಪ್ಪಿ ಹಿಡಿದ. ಬೇಕಾದ ಕೈ ಬಿಟ್ಟು ಬೇಡದ ಕೈಯೆಲ್ಲ ಬಂದು ಹಿಡಿದುಕೊಳ್ಳುತ್ತದಲ್ಲಾ ಎಂದು ಟೈಲರ್‌ಗೆ ಒಳಗೊಳಗೇ ಸಂಕಟವಾಯಿತು. ಆ ಯೋಚನೆಯಲ್ಲಿರುವಾಗಲೇ ಪ್ಯಾಂಟು ಜಾರಿತು. ಏರಿಸಲು ಒಂದು ಕೈ ಬಿಟ್ಟ. ಕಾಲಂಚು ಚೈನಿಗೆ ಸಿಕ್ಕಿತು. "ಎಡಕ್ಕೆ! ಎಡಕ್ಕೆ!" ಎಂದು ಮೇಷ್ಟ್ರು ಕೂಗಿದರು. ಎಡಕ್ಕೆ ಮರಗೆಲಸದವನ ಅಂಗಡಿ. ಸೈಕಲ್ಲು, ಟೈಲರ್, ಸಲೂನಿನವ ಮೂವರೂ ಹೊರಗೆ ಸುರಿದಿದ್ದ ಮರದ ಹೊಟ್ಟಿನ ರಾಶಿಯೊಳಗೆ ಹೋದರು.

ಮೇಲೆದ್ದಾಗ ಟೈಲರ್ ಅಂಗಿಯಲ್ಲಿದ್ದ, ಪ್ಯಾಂಟು ಚೈನಿನಲ್ಲಿತ್ತು.

"ಭಾರ ಸರಿಯಾಗಿ ಹಂಚಿಕೆ ಆಗಿಲ್ಲ" ಅಂದರು ಮೇಷ್ಟ್ರು.

ಮರ್ಯಾದೆಯನ್ನು ಸೀಟಿನ ಹಿಂದೆ ಮರೆಮಾಡಿಕೊಂಡು ಟೈಲರ್ ಹೇಗೋ ಅಂಗಡಿ ಸೇರಿದ. ಸುಮ್ಮನೆ ನಿಲ್ಲುವಂತಿಲ್ಲ, ಯಾರಾದರೂ ಬಂದರೆ? ಗೂಟಕ್ಕೆ ನೇತುಹಾಕಿದ್ದ ಒಂದು ಹೊಸ ಪ್ಯಾಂಟು ಕಣ್ಣಿಗೆ ಬಿತ್ತು. ಬ್ಯಾಂಕಿನ ಕ್ಯಾಷಿಯರರದ್ದು. ಕ್ಯಾಷಿಯರರ ಸೊಂಟಕ್ಕೂ ಟೈಲರನ ಹಳೇ ಸೊಂಟಕ್ಕೂ ಒಂದು ನೂಲು ವ್ಯತ್ಯಾಸವಿರಲಿಲ್ಲ. ಈಗ ತನಗೆ ಇದು ಚೀಲದಂತೆ ಆಗುತ್ತದೆ, ಇರಲಿ, ಕೈಯಲ್ಲಿ ಹಿಡಿದುಕೊಂಡಿರೋಣ ಎಂದು ಏರಿಸಿದ.

ಗುಂಡಿ ಕಾಜಾದ ಹತ್ತಿರಕ್ಕೇ ಬರಲಿಲ್ಲ.

ಉಸಿರು ಎಳೆದುಕೊಂಡ. ಬರಲಿಲ್ಲ. ಉಸಿರು ಬಿಗಿಹಿಡಿದು ಎರಡೂ ಕೈಯಲ್ಲಿ ಎಳೆದ. ಗುಂಡಿ ಟಪ್ಪೆಂದು ಹಾರಿ ಮಿಷನ್ನಿನ ಕೆಳಗೆ ಉರುಳಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಕ್ಯಾಷಿಯರರು ನಿಂತಿದ್ದರು.

"ನನ್ನ ಪ್ಯಾಂಟ್ ಆಯ್ತಾ?"

ಟೈಲರ್ ಕೌಂಟರಿಗೆ ಹೊಟ್ಟೆ ಒತ್ತಿ ನಿಂತು, "ಆಗಿದೆ ಸಾರ್. ಬಟ್ಟೆ ಎಳೆತ ಎಷ್ಟು ತಡೆಯುತ್ತೆ ಅಂತ ನೋಡ್ತಾ ಇದೀನಿ. ನಾಳೆ ಬನ್ನಿ" ಅಂದ. ಇಂಥ ಕಾಳಜಿಯ ಟೈಲರ್ ಎಲ್ಲೂ ಸಿಗುವುದಿಲ್ಲ ಎಂದು ಕ್ಯಾಷಿಯರರು ಸಂತೋಷದಿಂದ ಹೊರಟುಹೋದರು.

ಟೈಲರ್ ಟೇಪು ತೆಗೆದು ತನ್ನ ಸೊಂಟ ಅಳೆದ. ನಂಬದೆ ಇನ್ನೊಮ್ಮೆ ಅಳೆದ. ಸಣ್ಣಗಾಗುವುದಿರಲಿ, ಹೋದ ಚಳಿಗಾಲಕ್ಕಿಂತ ಒಂದೂವರೆ ಇಂಚು ಮುಂದೆ ಹೋಗಿದ್ದ. ಹಾಗಾದರೆ ಕಂದು ಪ್ಯಾಂಟು? ಚೈನಿನ ಗ್ರೀಸ್ ಮೆತ್ತಿದ್ದ ಅದನ್ನು ಒಳಮಗ್ಗುಲು ತಿರುಗಿಸಿದ.

ಅವನು ಯಾವ ಪ್ಯಾಂಟು ಹೊಲಿದರೂ ಹಿಂದಿನ ಹೊಲಿಗೆಯಲ್ಲಿ ಒಂದಿಷ್ಟು ಹೆಚ್ಚು ಬಟ್ಟೆ ಒಳಗೆ ಬಿಡುತ್ತಿದ್ದ. ಮುಂದೆ ದಪ್ಪಗಾದರೆ ಬಿಚ್ಚಿ ಸಡಿಲ ಮಾಡಿಕೊಳ್ಳಲೆಂದು. ಇದರಲ್ಲಿ ಒಳಗೆ ಬಿಟ್ಟ ಬಟ್ಟೆಯೇ ಇರಲಿಲ್ಲ. ಎಲ್ಲವನ್ನೂ ಹೊರಗೆಳೆದು, ಹೊಸ ದಾರದಲ್ಲಿ ಕೈಹೊಲಿಗೆ ಹಾಕಲಾಗಿತ್ತು. ಇರುವೆ ಸಾಲಿನಂಥ ಒತ್ತೊತ್ತು ಹೊಲಿಗೆ, ಕೊನೆಯಲ್ಲಿ ಜೋಡಿ ಗಂಟು. ಅಂಗಡಿಯ ಬಟ್ಟೆಗಳಿಗೆ ಮನೆಯಲ್ಲಿ ಕೂತು ಕಾಜಾ, ಗುಂಡಿ, ಅಂಚು ಹಾಕಿಕೊಡುವ ಹೆಂಡತಿಯ ಕೈ ಅದು. ಊರಿಗೆಲ್ಲ ಹೊಲಿಗೆಯ ತಪ್ಪು ತೋರಿಸುವವನು ತಾನು ತೊಟ್ಟ ಬಟ್ಟೆಯ ಒಳಗನ್ನು ಒಮ್ಮೆಯೂ ನೋಡಿರಲಿಲ್ಲ.

ಟೈಲರ್ ಸ್ಟೂಲಿನ ಮೇಲೆ ಕುಸಿದು ಕೂತ. ನಾನು ಏದುಸಿರು ಬಿಟ್ಟು ಬರುತ್ತಿದ್ದಾಗ ಇವಳು ಒಳಗೊಳಗೇ ನಗುತ್ತಿದ್ದಳಾ? ಇಲ್ಲಾ, ಪಾಪ ಅಂತ ಕನಿಕರವಾ? ನಗುವಾದರೆ ತಡೆದುಕೊಳ್ಳಬಹುದು, ಕನಿಕರ ಬೇಡವಪ್ಪಾ ಅನ್ನಿಸಿತು. ಬಂದ ತಕ್ಷಣ ಹೇಳಿಬಿಡಬೇಕು: ನಾನು ಗೆದ್ದಿಲ್ಲ, ನೀನು ಕೂರಬೇಡ, ವಾಪಸ್ ಹೋಗು. ಹಾಗೆ ನಿಶ್ಚಯಿಸಿ ಕಂದು ಪ್ಯಾಂಟಿಗೆ ತೇಪೆ ಹಾಕಿ ತೊಟ್ಟು, ಮೇಲೊಂದು ಬೆಲ್ಟು ಬಿಗಿದು, ಉಳಿದ ಹೊತ್ತೆಲ್ಲ ಬೀದಿಯನ್ನೇ ನೋಡುತ್ತಾ ಕೂತ.

ಸಂಜೆ ಅವಳು ಬಂದಳು. ಮುಖ ತೊಳೆದು, ಎಷ್ಟೋ ವರ್ಷದಿಂದ ತೊಡದ ನೀಲಿ ಬಟ್ಟೆ ತೊಟ್ಟು, ಕೈಯಲ್ಲಿ ಅದೇ ಕೊಡೆ. ಹೂವಿನ ಚಿತ್ರ ಮಾಸಿತ್ತು, ಒಂದು ಕಡ್ಡಿ ಮುರಿದಿತ್ತು. ಅದನ್ನು ಇಷ್ಟು ವರ್ಷ ಎಲ್ಲಿ ಇಟ್ಟಿದ್ದಳೋ! ಟೈಲರ್‌ನ ಕೈ ತಾನಾಗಿ ಸೈಕಲ್ಲಿನ ಹ್ಯಾಂಡಲ್ ಹಿಡಿಯಿತು. ಹೇಳಬೇಕೆಂದುಕೊಂಡ ಮಾತೆಲ್ಲ ಅಂಗಡಿಯಲ್ಲೇ ಉಳಿಯಿತು.

"ಹೊರಡೋಣ್ವಾ?" ಅಂದಳು.

"ಹೂಂ" ಅಂದ. ಅಲ್ಲಿಗೆ ಅವನೂ ಮೋಸದಲ್ಲಿ ಪಾಲುದಾರನಾದ.

ಬೀದಿಯೆಲ್ಲ ಬಾಗಿಲಿಗೆ ಬಂದಿತ್ತು. ಮೇಷ್ಟ್ರು ಸೀಟಿ ಊದಿದರು, ಸಲೂನಿನವ ಚಪ್ಪಾಳೆ ಹೊಡೆದ. ಅವಳು ಕೊಡೆ ಬಿಚ್ಚಿ ಕ್ಯಾರಿಯರ್ ಮೇಲೆ ಕೂತಳು. ಅವಳ ಕೈ ಅವನ ಬೆನ್ನು ದಾಟಿ ಪಕ್ಕೆಗೆ ಬಂತು. ಸೈಕಲ್ಲು ಹೊರಟಿತು. ಸಲೂನು ದಾಟಿತು, ಮರದ ಹೊಟ್ಟು ದಾಟಿತು. ಇನ್ನೇನು ಗಾಳಿ ಮುಖಕ್ಕೆ ಬಡಿಯಬೇಕು, ಅಷ್ಟರಲ್ಲಿ ಢಮ್ ಅಂತ ಶಬ್ದವಾಯಿತು.

ಸರಿಯಾಗಿ ಪಂಕ್ಚರ್ ಅಂಗಡಿಯ ಮುಂದೆಯೇ. ಪಂಕ್ಚರಿನವ ಬಗ್ಗಿ ನೋಡಿದ. "ಮುಂದಿನ ಚಕ್ರ ಗಟ್ಟಿಯಾಗಿದೆ. ಹೋಗಿರೋದು ಹಿಂದಿಂದು. ಟೈರೇ ಸೀಳಿದೆ, ನಾಳೆ ಬೆಳಗ್ಗೆ ಹೊಸದು ಹಾಕಿಡ್ತೀನಿ."

"ಹಿಂದಿನ ಚಕ್ರ ಅಂದ್ರೆ ಹಿಂದೆ ಕೂತವರ ಭಾರ" ಎಂದು ಓಡಿಬಂದ ಮೇಷ್ಟ್ರು ವಿವರಿಸಿದರು. ಆಮೇಲೆ ತಾವೇನು ಹೇಳಿದೆವೆಂದು ಹೊಳೆದು ಸೀಟಿಯನ್ನು ಜೇಬಿಗೆ ಹಾಕಿಕೊಂಡರು.

ಹೆಂಡತಿ ಕೊಡೆಯನ್ನು ಮುಖದ ಕಡೆಗೆ ವಾಲಿಸಿಕೊಂಡು, "ಬನ್ರೀ, ನಡ್ಕೊಂಡೇ ಹೋಗೋಣ" ಅಂದಳು.

ಸೈಕಲ್ಲನ್ನು ಅಲ್ಲೇ ಬಿಟ್ಟು ಇಬ್ಬರೂ ಕಾಲುವೆ ಸೇತುವೆಗೆ ನಡೆದರು. ಕಟ್ಟೆಗೆ ಒರಗಿ ನಿಂತ ಮೇಲೆ ಟೈಲರ್ ಬಾಯಿಬಿಟ್ಟ. "ನಾನು ಸಣ್ಣ ಆಗಿಲ್ಲ ಕಣೇ."

"ಗೊತ್ತು."

"ಮತ್ಯಾಕೆ ಪ್ಯಾಂಟು ಬಿಚ್ಚಿ ಹೊಲಿದೆ? ತಮಾಷೆಗಾ?"

"ತಮಾಷೆ ಮಾಡೋಕೆ ಮಧ್ಯಾಹ್ನದ ನಿದ್ದೆ ಕೆಡಿಸ್ಕೋತಾರಾ ಯಾರಾದ್ರೂ?" ಅವಳು ನೀರನ್ನೇ ನೋಡುತ್ತಿದ್ದಳು. "ಅವತ್ತು ನೀವು ಬೆಲ್ ಹೊಡೆದಾಗ ಓಡಿ ಬಂದು ಕೂತ್ಕೊಳ್ಳೋಣ ಅನ್ನಿಸ್ತು ರೀ. ಆದ್ರೆ ನಾನೇನು ಆಗಿನ ಹಾಗಿದೀನಾ? ಕೂತ ತಕ್ಷಣ ಸೈಕಲ್ ಹೀಗೇ ಆಗುತ್ತೆ, ಬೀದಿ ನಗುತ್ತೆ ಅಂತ ಭಯ. ಅದಕ್ಕೇ ತಪ್ಪೆಲ್ಲ ನಿಮ್ಮ ಹೊಟ್ಟೆ ಮೇಲೆ ಹಾಕ್ದೆ. ನೀವು ಸಣ್ಣ ಆಗೋ ಹೊತ್ತಿಗೆ ನಾನೂ ಆಗೋಣ ಅಂತ."

"ಆದ್ಯಾ?"

"ನನ್ನ ಬಟ್ಟೆಗಳಲ್ಲಿ ಒಳಗೆ ಬಿಟ್ಟಿದ್ದೆಲ್ಲ ಯಾವತ್ತೋ ಮುಗೀತು. ಈ ನೀಲಿಗೆ ಪಕ್ಕದಲ್ಲಿ ಬೇರೆ ತುಂಡೇ ಸೇರಿಸಿದೀನಿ. ಕಾಯ್ತಾ ಕೂತ್ರೆ ಇಬ್ರೂ ಮುದುಕರಾಗ್ತೀವಿ ಅನ್ನಿಸ್ತು. ಆಸೆ ತಡೆಯೋಕಾಗ್ಲಿಲ್ಲ, ನಿಮ್ಮ ಪ್ಯಾಂಟಿಗೆ ಕತ್ತರಿ ಹಾಕ್ದೆ."

ಇಷ್ಟು ದಿನ ಟೈಲರ್ ತನ್ನೊಬ್ಬನದೇ ಎಂದುಕೊಂಡಿದ್ದ ಆಸೆ ಅವಳ ಸೂಜಿಪೆಟ್ಟಿಗೆಯಲ್ಲೂ ಕೂತಿತ್ತು. ಅವನಿಗೆ ಅಳುವೂ ಬಂತು, ನಗುವೂ ಬಂತು.

"ನಾಳೆ ಹೊಸ ಟೈರು ಬರುತ್ತಲ್ಲ, ಆಗ..." ಅಂದ.

"ನಾಳೆಯಿಂದ ಬೆಳಗ್ಗೆ ಸೈಕಲ್ ನಾನು ತಗೊಂಡು ಹೋಗ್ತೀನಿ. ಕಲೀತೀನಿ. ನೀವು ಹಿಂದೆ ಹಿಡ್ಕೊಂಡು ಓಡಿ ಬನ್ನಿ."

"ದಿಬ್ಬದ ಮೇಲೂ?"

"ದಿಬ್ಬದ ಮೇಲೂ. ಬೇಕರಿ ಮುಂದೆ ನಿಲ್ಲೋ ಹಾಗಿಲ್ಲ."

"ಯಾವ ಬೇಕರಿ?"

"ನಿಮ್ಮ ಅಂಗಿ ಜೇಬಿಂದ ದಿನಾ ಬನ್ನಿನ ಚೂರು ಕೊಡವ್ತೀನಲ್ಲ, ಆ ಬೇಕರಿ. ಬಟ್ಟೆ ಕುಗ್ಗುತ್ತೆ ಅಂತ ನನ್ನ ಸೋಪನ್ನ ಬೈತೀರಾ!"

ಹಿಂದಿರುಗುವಾಗ ಬೀದಿಯಲ್ಲಿ ಯಾರೂ ಇರಲಿಲ್ಲ. ಅವಳು ಕೊಡೆಯನ್ನು ಮಡಿಸಿ, ನಡೆಯುತ್ತಲೇ ಹಿಂದಿನಿಂದ ಕೈ ಚಾಚಿ ಅವನ ಸೊಂಟವನ್ನು ಬಳಸಿದಳು. ಬೆರಳುಗಳು ಪಕ್ಕೆ ದಾಟಿದವು, ಬೆಲ್ಟು ತಡವಿದವು, ಅಲ್ಲೇ ನಿಂತವು. ಎರಡೆಳೆ ದಾರದ ಗುಂಡಿ ಇನ್ನೂ ಒಂದು ಗೇಣು ಆಚೆಗಿತ್ತು. ಟೈಲರ್ ಉಸಿರು ಎಳೆದುಕೊಂಡು ಆದಷ್ಟು ಸಣ್ಣಗಾದ. ಆದರೂ ಸಿಗಲಿಲ್ಲ.

"ಬಿಚ್ಚಿ ಉದ್ದ ಮಾಡೋಣ ಅಂದ್ರೆ ಕೈಗೆ ಮಾತ್ರ ದೇವರು ಒಳಗೆ ಬಟ್ಟೆ ಬಿಟ್ಟಿಲ್ಲ, ನೋಡಿ" ಅಂದಳು. ಆದರೆ ಕೈ ತೆಗೆಯಲಿಲ್ಲ.