ಮಾವನ ಬಂದೋಬಸ್ತು

ಲಾಹೋರಿನಲ್ಲಿ ಶ್ರೀಲಂಕಾ ಆಟಗಾರರ ಬಸ್ಸಿನ ಮೇಲೆ ಗುಂಡು ಹಾರಿದ ಮೇಲೂ ನಮ್ಮ ದೇಶದಲ್ಲಿ ಕ್ರಿಕೆಟ್ ಉಳಿದುಕೊಂಡಿತಲ್ಲ, ಅದು ಯಾರಿಂದ ಅಂತ ತಿಳಿದಿದ್ದೀರಿ? ಸರ್ಕಾರದಿಂದ ಅಲ್ಲ, ಕಮಾಂಡೋಗಳಿಂದಲೂ ಅಲ್ಲ. ಹಾವೇರಿ ದನದ ಸಂತೆಯಲ್ಲಿ ಎತ್ತಿನ ದಲ್ಲಾಳಿಯಾಗಿರುವ ನನ್ನ ಸೋದರಮಾವನಿಂದ! ಇದು ನನ್ನ ಮಾತಲ್ಲ, ಸ್ವತಃ ಮಾವನ ಮಾತು. ನನಗೆ ಇದರಲ್ಲಿ ಸ್ವಲ್ಪ ಅನುಮಾನವಿದೆ, ಆದರೆ ಅವನೆದುರಿಗೆ ಹೇಳುವ ಧೈರ್ಯವಿಲ್ಲ.

ಮಾವನಿಗೆ ಹುಚ್ಚು ಎರಡೇ, ಎತ್ತು ಮತ್ತು ಕ್ರಿಕೆಟ್ಟು. ಆಟಗಾರರನ್ನೂ ಎತ್ತು ನೋಡಿದ ಹಾಗೆಯೇ ನೋಡುತ್ತಾನೆ. ಒಮ್ಮೆ ಟಿವಿಯಲ್ಲಿ ವೇಗದ ಬೌಲರ್ ಒಬ್ಬ ಓಡಿ ಬರುವುದನ್ನು ಕಂಡು, ಇವನ ಎಡಗಾಲು ಸರಿ ಇಲ್ಲ, ಹದಿನೈದು ದಿನದಲ್ಲಿ ಕುಂಟುತ್ತಾನೆ ಅಂದುಬಿಟ್ಟ. ಹತ್ತೇ ದಿನಕ್ಕೆ ಆ ಪುಣ್ಯಾತ್ಮ ಗಾಯವಾಗಿ ತಂಡದಿಂದ ಹೊರಬಿದ್ದ. ನಾನು ದಂಗಾದೆ. ಮಾವನಿಗೆ ಮಾತ್ರ ಐದು ದಿನ ತಪ್ಪಿತಲ್ಲ ಎಂದು ವಾರವಿಡೀ ಬೇಜಾರು.

ಲಾಹೋರಿನ ಸುದ್ದಿ ಬಂದ ದಿನ ಅವನು ಊಟ ಮಾಡಲಿಲ್ಲ. ಆಡುವ ಹುಡುಗರ ಮೇಲೆ ಗುಂಡು ಹಾರಿಸುತ್ತಾರೆಂದರೆ ಏನು ಕಾಲ ಬಂತು ಎಂದು ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದ. ಮರುದಿನವೇ ನನ್ನನ್ನು ರಾಣೇಬೆನ್ನೂರಿನಿಂದ ಕರೆಸಿಕೊಂಡ. ನಾನು ಅಲ್ಲಿ ಶಾಲಾ ಮಾಸ್ತರ. ಅಕ್ಷರ ದುಂಡಗಿದೆ ಎಂಬ ತಪ್ಪಿಗೆ ಮನೆತನದ ಅರ್ಜಿಗಳೆಲ್ಲ ನನ್ನ ಪಾಲಿಗೇ ಬರುತ್ತವೆ. ಈ ಸಲದ ಅರ್ಜಿ ಕ್ರಿಕೆಟ್ಟಿನ ದೊಡ್ಡವರಿಗೆ. ಅದರ ಸಾರಾಂಶ ಇಷ್ಟು: ಹೊರದೇಶದ ಆಟಗಾರರನ್ನು ಫಳಫಳ ಹೊಳೆಯುವ ಗಾಜಿನ ಬಸ್ಸಿನಲ್ಲಿ ಕರೆದುಕೊಂಡು ಹೋಗಬೇಡಿ. ನಮ್ಮ ಕುಪ್ಪೇಲೂರಿಗೆ ಹೋಗುವಂಥ ಬಸ್ಸಿನಲ್ಲಿ, ಸಂತೆಯ ದಿನ, ಕುರಿ-ಕೋಳಿಗಳ ನಡುವೆ ಕೂಡಿಸಿ. ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ, ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದು ಡ್ರೈವರನಿಗೇ ಗೊತ್ತಿರುವುದಿಲ್ಲ, ಇನ್ನು ಭಯೋತ್ಪಾದಕನಿಗೆ ಎಲ್ಲಿಂದ ಗೊತ್ತಾಗಬೇಕು? ತಿಂಗಳಾದರೂ ಉತ್ತರ ಬರಲಿಲ್ಲ. ಮಾವನಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಇಂಥ ಗುಪ್ತ ವಿಷಯಕ್ಕೆ ಯಾರಾದರೂ ಅಂಚೆಯಲ್ಲಿ ಉತ್ತರ ಬರೆಯುತ್ತಾರೇನೋ ಎಂದು ನನ್ನನ್ನೇ ಬೈದ.

ಅಷ್ಟಕ್ಕೇ ಬಿಟ್ಟನೇ? ಬಿಡುವ ಜಾತಿಯಲ್ಲ ಅದು. ಆ ಬೇಸಿಗೆ ಬ್ಯಾಡಗಿಯಲ್ಲಿ ಟೆನಿಸ್ ಬಾಲಿನ ಟೂರ್ನಿ ನಡೆಯಿತು. ದಾವಣಗೆರೆಯ ಒಂದು ತಂಡ ಬಂದಿತ್ತು. ಬೇರೆ ಜಿಲ್ಲೆ ಎಂದರೆ ಹೊರದೇಶವೇ ಎಂದು ವಾದಿಸಿ ಮಾವ ಭದ್ರತೆಯನ್ನು ತನ್ನ ಕೈಗೆ ತೆಗೆದುಕೊಂಡ. ಕೊರಳಿಗೊಂದು ಸೀಟಿ, ಕೈಯಲ್ಲಿ ದನ ಹೊಡೆಯುವ ಬಾರಕೋಲು! ಅಂಪೈರನ ಕಿಸೆಯಿಂದ ಅಡಿಕೆ ಕತ್ತರಿ ಕಸಿದ. ನೀರು ಕೊಡುವವರ ಕೊಡಗಳನ್ನು ಮೂಸಿ ನೋಡಿದ. ಎರಡನೇ ಪಂದ್ಯದ ಹೊತ್ತಿಗೆ ಬೌಂಡರಿಯ ಹಗ್ಗದ ಬಳಿ ವಾರಸುದಾರರಿಲ್ಲದ ಚೀಲವೊಂದು ಕಂಡಿತು. ಸೀಟಿ ಊದಿ ಆಟ ನಿಲ್ಲಿಸಿದ. ಅದು ಮೆಣಸಿನಕಾಯಿ ಚೀಲ, ಯಾರೋ ಹಮಾಲರು ಇಳಿಸಿ ಚಹಾಕ್ಕೆ ಹೋಗಿದ್ದಾರೆ ಎಂದು ನಾಲ್ಕು ಜನ ಹೇಳಿದರು. ಅದು ತಿಳಿಯದವರಿಗೆ ಹೇಳಿರಿ, ಮೇಲೆ ಮೆಣಸಿನಕಾಯಿ ಇಟ್ಟು ಒಳಗೆ ಇನ್ನೇನು ಇಟ್ಟಿದ್ದಾರೋ ಎಂದು, ಒಳಗೆ ಗಟ್ಟಿ ಸಾಮಾನೇನಾದರೂ ಇದೆಯೋ ನೋಡಲು ಬಾರಕೋಲಿನಿಂದ ಚೀಲಕ್ಕೆ ಎಂಟು-ಹತ್ತು ಏಟು ಬಿಗಿದ. ಒಣಗಿದ ಮೆಣಸಿನಕಾಯಿ, ಮೇಲೆ ಪಡುವಣ ಗಾಳಿ. ಘಾಟು ಎದ್ದು ಮೈದಾನದ ತುಂಬ ಹರಡಿತು. ಎರಡೂ ತಂಡ, ಇಬ್ಬರು ಅಂಪೈರು, ಮುನ್ನೂರು ಪ್ರೇಕ್ಷಕರು ಕೂಡಿ ಅರ್ಧ ತಾಸು ಸೀನಿದರು. ಬ್ಯಾಡಗಿಯ ಇತಿಹಾಸದಲ್ಲಿ ಕ್ರಿಕೆಟ್ ಪಂದ್ಯವೊಂದನ್ನು ಅನಿಲದ ದಾಳಿಯಿಂದ ನಿಲ್ಲಿಸಿದ ಏಕೈಕ ವ್ಯಕ್ತಿ ನಮ್ಮ ಮಾವ.

ಹೀಗೆ ನಾವೆಲ್ಲ ನಗುತ್ತಿರುವಾಗಲೇ ವಿಷಯ ಮನೆಯೊಳಗೆ ಬಂತು.

ಮಾವನಿಗೆ ಒಬ್ಬಳೇ ಮಗಳು. ನನಗಿಂತ ಹದಿನೈದು ವರ್ಷ ಚಿಕ್ಕವಳು. ಮಗ್ಗಿ ಕಲಿಯುವ ಮೊದಲೇ ಸ್ಕೋರು ಬರೆಯಲು ಕಲಿತವಳು, ಅಪ್ಪನ ಜೊತೆ ರೇಡಿಯೋಕ್ಕೆ ಕಿವಿ ಹಚ್ಚಿ ಬೆಳೆದವಳು. ಆಕೆ ಪೊಲೀಸ್ ಪೇದೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ನೌಕರಿ ಕಾಯಂ ಆಗಿರಲಿಲ್ಲ. ಆ ವರ್ಷ ಬೆಂಗಳೂರಿನಲ್ಲಿ ದೇಶ-ವಿದೇಶದ ತಂಡಗಳ ಟೂರ್ನಿಯೊಂದು ಗೊತ್ತಾಯಿತು. ಬೆದರಿಕೆಯ ಸುದ್ದಿ ಪೇಪರಿನಲ್ಲಿ ದಿನಾ ಬರುತ್ತಿತ್ತು. ಬಂದೋಬಸ್ತಿಗೆ ಜಿಲ್ಲೆಗಳಿಂದ ಪೊಲೀಸರನ್ನು ಕಳಿಸುವಾಗ ಆಕೆಗೂ ಆದೇಶ ಬಂತು.

ಅಂದಿನಿಂದ ಆಕೆ ಹೊರಡುವವರೆಗೆ ಮಾವ ಭದ್ರತೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಹೆದರಿದ್ದ, ಅಷ್ಟೇ. ಅತ್ತೆ ಹೋಗಬೇಡ ಎಂದು ಮಗಳ ಮುಂದೆ ಅತ್ತಾಗ ಮಾತ್ರ ಆಕೆ ಹೋಗಲೇಬೇಕು, ಎಲ್ಲರ ಮನೆಯವರೂ ಹೀಗೇ ಅತ್ತರೆ ಆಟ ನಡೆಯುವುದು ಹೇಗೆ ಎಂದು ಗದರಿದ. ಆಕೆ ಹೊರಟು ಹೋದ ಮೇಲೆ ನನಗೆ ಫೋನ್ ಮಾಡಿದ.

"ಎರಡು ಟಿಕೀಟ್ ತಗಿಸೋ," ಅಂದ. "ಆಕಿ ಡ್ಯೂಟಿ ಎಲ್ಲೈತಿ ಗೊತ್ತೇನು? ಸಾದಾ ಗ್ಯಾಲರಿ ಮುಂದ. ಮಂದಿ ಕಡೆ ಮಾರಿ ಮಾಡಿ ನಿಂದರಬೇಕಂತ. ಮ್ಯಾಚ್ ಬೆನ್ನ ಹಿಂದ ನಡಿತೈತಿ, ಹೊಳ್ಳಿ ನೋಡಂಗಿಲ್ಲ. ಹುಟ್ಟಿದಾಗಿಂದ ಒಂದು ಮ್ಯಾಚ್ ಸ್ಟೇಡಿಯಂದಾಗ ನೋಡಿಲ್ಲ ನನ್ನವ್ವ, ಹೋದ ಹೋದಾಕಿ ಹಿಂಗ ನಿಂದ್ರೂದೇನು?"

ನೀನು ಹೋಗಿ ಏನು ಮಾಡುತ್ತೀ ಮಾವ ಎಂದರೆ, ಅದು ನಿನಗೆ ಬೇಡ ಎಂದು ಫೋನ್ ಇಟ್ಟ. ಮಾವ ಹಟ ಹಿಡಿದನೆಂದರೆ ಬ್ರಹ್ಮ ಬಂದರೂ ಬಿಡಿಸಲಾರ. ನಾನು ಶಾಲೆಗೆ ಎರಡು ದಿನ ರಜೆ ಬರೆದೆ.

ಗೇಟಿನಲ್ಲೇ ಮೊದಲ ಪ್ರಹಸನ. ಪೊಲೀಸನೊಬ್ಬ ಮಾವನ ಕೈಚೀಲದೊಳಗೆ ಇಣುಕಿ, ಸುಣ್ಣದ ಡಬ್ಬಿ ತೆಗೆದಿಟ್ಟುಕೊಂಡು, ಹೋಗಿ ಅಂದ. ಮಾವ ಹೋಗಲಿಲ್ಲ. ಮೇಲೆ ಮೇಲೆ ನೋಡಿದರೆ ಏನು ತಿಳಿಯುತ್ತದೆ, ಬುಡತನಕ ಕೈ ಹಾಕಿ ನೋಡಿರಿ, ನಾನು ಒಳ್ಳೆಯವನೆಂದು ನಿಮಗೆ ಯಾರು ಹೇಳಿದರು ಎಂದು ಅಲ್ಲೇ ನಿಂತ. ಹಿಂದಿನ ಸಾಲು ಕೂಗಾಡತೊಡಗಿತು. ಬುಡದಲ್ಲಿ ಸಿಕ್ಕದ್ದು ಅತ್ತೆ ಕಟ್ಟಿಕೊಟ್ಟಿದ್ದ ರೊಟ್ಟಿ-ಶೇಂಗಾ ಚಟ್ನಿ. ತಿನ್ನುವ ಪದಾರ್ಥ ಒಳಗೆ ಒಯ್ಯುವಂತಿಲ್ಲ ಎಂದು ಅದೂ ಹೋಯಿತು. ನನಗೆ ಹೊಟ್ಟೆ ಉರಿಯಿತು; ಮಾವ ಮಾತ್ರ ಈಗ ಬರೋಬ್ಬರಿ ಆಯಿತು ಎಂದು ಆ ಪೊಲೀಸನ ಬೆನ್ನು ತಟ್ಟಿದ.

ಗ್ಯಾಲರಿಯ ಅರ್ಧ ದಾರಿ ನಡೆದಾಗ ಆಕೆ ಕಂಡಳು. ತಂತಿ ಬೇಲಿಯ ಆಚೆ ಮೈದಾನಕ್ಕೆ ಬೆನ್ನು ಮಾಡಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು. ನಾವು ನೇರ ಎದುರಿಗೆ, ನಾಲ್ಕನೇ ಸಾಲಿನಲ್ಲಿ ಕೂತೆವು. ನಮ್ಮನ್ನು ನೋಡಿದಳು, ಮುಖ ಅಲುಗಲಿಲ್ಲ. ಟ್ರೇನಿಂಗಿನವರು ಚೆನ್ನಾಗಿಯೇ ಕಲಿಸಿದ್ದರು.

ಮೊದಲ ಓವರಿನಲ್ಲೇ ಚೆಂಡು ಬೌಂಡರಿಗೆ ಹೋಯಿತು. ಮಾವ ಎದ್ದು ನಿಂತು ಅಂಪೈರನ ಹಾಗೆ ಬಲಗೈಯನ್ನು ಎದೆಯ ಮುಂದೆ ಬೀಸಿದ. ನಾನು ಸುಮ್ಮನೆ ಖುಷಿಗೆ ಅಂದುಕೊಂಡೆ. ಆಮೇಲೆ ಸಿಕ್ಸರಿಗೆ ಎರಡೂ ಕೈ ಮೇಲೆ, ಔಟಾದರೆ ಒಂದು ಬೆರಳು, ವೈಡಿಗೆ ರೆಕ್ಕೆ! ಪ್ರತಿ ಓವರು ಮುಗಿದಾಗ ಬೆರಳುಗಳಲ್ಲಿ ಸ್ಕೋರು. ದನದ ಸಂತೆಯಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಒಂದು ಬೆರಳಿಗೆ ಇಷ್ಟು, ಅರ್ಧ ಬೆರಳಿಗೆ ಇಷ್ಟು. ಆ ಲೆಕ್ಕ ಮಗಳಿಗೂ ಕಲಿಸಿದ್ದ. ಟವೆಲ್ಲು ತೆಗೆದು ಅದನ್ನೇ ಬಯಲಿನಲ್ಲಿ ಮಾಡುತ್ತಿದ್ದ. ಆಕೆ ಅಲುಗದೆ ನಿಂತಿದ್ದಳು, ಕಣ್ಣು ಎಲ್ಲರ ಮೇಲೂ ಹರಿದಾಡುತ್ತಿತ್ತು. ಆದರೆ ಹತ್ತನೇ ಓವರಿನಲ್ಲಿ ವಿಕೆಟ್ ಬಿದ್ದು ಮಾವ ಬೆರಳೆತ್ತಿದಾಗ ತುಟಿಯ ಒಂದು ಕೊನೆ ಇಷ್ಟೇ ಇಷ್ಟು ಮೇಲೇರಿತು. ಮಾವ ನನ್ನ ತೊಡೆಯ ಮೇಲೆ ಗುದ್ದಿದ ಗುದ್ದು ನಾಲ್ಕು ದಿನ ನೋಯುತ್ತಿತ್ತು.

ಬೆದರಿಕೆ ಇರುವ ಸ್ಟೇಡಿಯಮ್ಮಿನಲ್ಲಿ ಒಬ್ಬ ಮನುಷ್ಯ ತಾಸುಗಟ್ಟಲೆ ಯಾರಿಗೋ ಬೆರಳ ಸನ್ನೆ ಮಾಡುತ್ತಿದ್ದರೆ ಏನಾಗಬೇಕೋ ಅದೇ ಆಯಿತು. ಇಬ್ಬರು ಪೊಲೀಸರು ಬಂದು ನಮ್ಮಿಬ್ಬರನ್ನೂ ಎಬ್ಬಿಸಿ ಗ್ಯಾಲರಿಯ ಕೆಳಗೆ ಕರೆದುಕೊಂಡು ಹೋದರು. ಅಲ್ಲಿ ಅಧಿಕಾರಿಯೊಬ್ಬರು ನಿಂತಿದ್ದರು. ಸನ್ನೆ ಹೋಗುತ್ತಿದ್ದ ದಿಕ್ಕಿನಲ್ಲಿದ್ದವಳು ಎಂದು ಆಕೆಯನ್ನೂ ಕರೆಸಿದರು. ಕಾಯಂ ಆಗದ ನೌಕರಿ, ಡ್ಯೂಟಿಯ ಮೇಲೆ ಸನ್ನೆ! ಒಂದು ವರದಿ ಹೋದರೆ ಸಾಕು, ಆಕೆಯ ಕೆಲಸ ಮುಗಿದಂತೆಯೇ.

ಯಾರಿಗೆ ಸನ್ನೆ ಮಾಡುತ್ತಿದ್ದೆ ಎಂದು ಅಧಿಕಾರಿ ಕೇಳಿದರು. ಯಾರಿಗೂ ಇಲ್ಲ, ಕೈ ಹಿಡಿದುಕೊಂಡಿತ್ತು, ಝಾಡಿಸುತ್ತಿದ್ದೆ ಅಂದ ಮಾವ. ಈ ಹುಡುಗಿಯನ್ನೇ ನೋಡಿಕೊಂಡು ಮಾಡುತ್ತಿದ್ದೆಯಲ್ಲ ಎಂದರು.

ಮಾವ ಮಗಳ ಕಡೆ ನೋಡಲಿಲ್ಲ. "ಈಕಿ ಯಾರೋ ನನಗ ಗೊತ್ತಿಲ್ರೀ ಸಾಹೇಬ್ರ," ಅಂದ.

"ಹಾಗಾದ್ರೆ ಈ ವಯಸ್ಸಲ್ಲಿ ಹೆಣ್ಣುಮಕ್ಕಳಿಗೆ ಸನ್ನೆ ಮಾಡ್ತೀಯಾ? ನಾಚಿಕೆ ಆಗಲ್ವಾ?"

ಸಂತೆಯಲ್ಲಿ ಒಂದು ಮಾತಿಗೆ ಹತ್ತು ಮಾತು ತಿರುಗಿಸುವ ನನ್ನ ಮಾವ ತಲೆ ತಗ್ಗಿಸಿದ. "ತಪ್ಪಾತ್ರಿ," ಅಂದ. ಬಾಯಿ ತೆರೆಯಲು ಹೊರಟ ನನ್ನ ಕಾಲನ್ನು ತುಳಿದು ಹಿಡಿದ.

ಆಕೆ ಒಂದು ಹೆಜ್ಜೆ ಮುಂದೆ ಬಂದು ಸೆಲ್ಯೂಟ್ ಹೊಡೆದಳು. "ನಮ್ಮಪ್ಪ ರೀ ಸರ್. ನನಗ ಮ್ಯಾಚ್ ಕಾಣಂಗಿಲ್ಲಂತ ಸ್ಕೋರ್ ಹೇಳಾಕತ್ತಿದ್ದ. ಬ್ಯಾಡಂತ ನಾನು ಅನಬೇಕಿತ್ತು. ನಂದ ತಪ್ಪು ಸರ್."

ಅಧಿಕಾರಿ ಅಪ್ಪ-ಮಗಳಿಬ್ಬರ ಗುರುತಿನ ಚೀಟಿ ಇಸಿದುಕೊಂಡರು. ಅಡ್ಡಹೆಸರು, ಊರು ಎಲ್ಲ ತಾಳೆ ನೋಡಿದರು. ಒಂದು ಸಲವಾದರೂ ಹಿಂದೆ ತಿರುಗಿದೆಯಾ ಎಂದು ಕೇಳಿದರು. ಇಲ್ಲ ಸರ್ ಅಂದಳು. ಆಕೆಯ ಪಕ್ಕದಲ್ಲೇ ಡ್ಯೂಟಿಗಿದ್ದು, ಈಗ ಆಕೆಯನ್ನು ಕರೆತಂದಿದ್ದ ಹಿರಿಯ ಪೇದೆ, ಈಕಿ ತಿರುಗಿಲ್ಲ, ನಾನೇ ಎರಡು ಸಲ ತಿರುಗಿದ್ದೆ ಎಂದು ತಾನಾಗಿಯೇ ಒಪ್ಪಿಕೊಂಡ. ಅಧಿಕಾರಿಗೆ ನಗು ತಡೆಯುವುದು ಕಷ್ಟವಾಯಿತು. ಆಕೆಗೆ ಜಾಗಕ್ಕೆ ಹೋಗಲು ಹೇಳಿ, ಮಾವನಿಗೆ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಕೈ ಕಟ್ಟಿಕೊಂಡು ಕೂರಬೇಕೆಂದು ಆಜ್ಞೆ ಮಾಡಿದರು. ವರದಿ ಬರೆಯಲಿಲ್ಲ.

ಮಾವ ಹಾಗೆಯೇ ಕೂತ. ಕೊನೆಯ ಓವರಿಗೆ ಇಡೀ ಸ್ಟೇಡಿಯಂ ಎದ್ದು ನಿಂತು ಕುಣಿಯಿತು. ಅವನು ಕಟ್ಟಿದ ಕೈ ಬಿಡಲಿಲ್ಲ.

ಮರುದಿನ ಮುಂಜಾನೆ ರೈಲು ರಾಣೇಬೆನ್ನೂರಿಗೆ ಬಂದಾಗ ನಾನು ಇಳಿಯಲಿಲ್ಲ, ಅವನನ್ನು ಮನೆ ಮುಟ್ಟಿಸಿಯೇ ಬರೋಣವೆಂದು ಕೂತೇ ಇದ್ದೆ. ಬ್ಯಾಡಗಿ ಹತ್ತಿರ ಮಗಳ ಫೋನು ಬಂತು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ನೀನು ಮೇಲೆ ಹೋಗಿಬಿಟ್ಟೆ, ಕಡೀ ಓವರ್ ಏನಾಯಿತು, ಸರಿಯಾಗಿ ಹೇಳು ಎಂದು ಕೇಳುತ್ತಿದ್ದಳು.

ಮಾವ ಫೋನನ್ನು ನನ್ನ ಕೈಗೆ ಕೊಟ್ಟ. "ನೀ ಹೇಳೋ. ನಾ ನೋಡಿಲ್ಲ."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಒಂದು ಚೆಂಡೂ ತಪ್ಪಿಸಿದವನಲ್ಲ ಈ ಮನುಷ್ಯ! ಮತ್ತೇನು ನೋಡುತ್ತ ಕೂತಿದ್ದೆ ಮಾವ ಎಂದೆ.

"ಆಕಿ ಅಷ್ಟೂ ಮಂದೀನ ಕಾಯಾಕತ್ತಿದ್ಲು," ಅಂದ. "ಆಕೀನ ಯಾರರ ಕಾಯಬೇಕಲ್ಲೋ."

ಕಿಟಕಿಯ ಕಡೆ ಮುಖ ತಿರುಗಿಸಿ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ನಾನು ಆಕೆಗೆ ಕೊನೆಯ ಓವರನ್ನು ಒಂದೊಂದೇ ಚೆಂಡು ಹೇಳತೊಡಗಿದೆ. ಮೂರನೇ ಚೆಂಡಿಗೆ ಮಾವ ಈಚೆ ತಿರುಗಿ, ತಾನೂ ಕೇಳಿಸಿಕೊಳ್ಳಲು ಫೋನಿಗೆ ಕಿವಿ ಹಚ್ಚಿದ.